ಮನೆಯಲ್ಲೇ ಓಲ್ಡ್ ಫ್ಯಾಷನ್ಡ್: ಕೆಲಸ ಶುರುವಾಗುವುದು ಫ್ರೀಜರ್‌ನಲ್ಲಿ

ಓಲ್ಡ್ ಫ್ಯಾಷನ್ಡ್ ಕಾಕ್‌ಟೇಲ್‌ಗೆ ಬೇಕಾದದ್ದು ನಾಲ್ಕೇ ಸಾಮಾನು. ವಿಸ್ಕಿ, ಸಕ್ಕರೆ, ನೀರು, ಬಿಟರ್ಸ್ (ಬೇರು, ಸಿಪ್ಪೆ, ಮಸಾಲೆಗಳನ್ನು ಮದ್ಯದಲ್ಲಿ ನೆನೆಹಾಕಿ ಮಾಡಿದ, ಹನಿ ಲೆಕ್ಕದಲ್ಲಿ ಹಾಕುವ ಕಹಿ). ಮೇಲೆ ಒಂದು ಚೂರು ಕಿತ್ತಳೆ ಸಿಪ್ಪೆ. ಷೇಕರ್ ಬೇಡ, ಮಿಕ್ಸಿ ಬೇಡ, ಮೊಟ್ಟೆ ಬೇಡ, ಬಣ್ಣದ ಸಿರಪ್ ಬೇಡ. ಬಾಟಲ್ ಒಂದನ್ನು ಬಿಟ್ಟರೆ ಮಿಕ್ಕಿದ್ದನ್ನೆಲ್ಲ ಮನೆಯಲ್ಲೇ ಮಾಡಿಕೊಳ್ಳಬಹುದು. ಐಸು, ಪಾಕ, ಕಹಿ ಮೂರನ್ನೂ ಬೆಂಗಳೂರಿನ ನನ್ನ ಅಡುಗೆಮನೆಯಲ್ಲಿ ಮಾಡಿ ನೋಡಿದೆ. ಯಾವುದು ಎಷ್ಟು ಕೆಲಸ, ಯಾವುದಕ್ಕೆ ಒದ್ದಾಡುವುದು ಸುಮ್ನೆ ದಂಡ ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಾವೆಲ್ಲ ದುಡ್ಡು ಸುರಿಯುವುದು ಬಾಟಲ್ ಮೇಲೆ, ಆದರೆ ಈ ಡ್ರಿಂಕ್ ಕೆಡುವುದು ನೀರಿನಿಂದ. ಎಷ್ಟು ನೀರು ಸೇರಿತು, ಎಷ್ಟು ಬೇಗ ಸೇರಿತು, ಸೇರುವುದು ಯಾವಾಗ ನಿಂತಿತು, ಇಷ್ಟು ಕೈಹಿಡಿತಕ್ಕೆ ಬಂದರೆ ಸಾಧಾರಣ ವಿಸ್ಕಿಯೂ ಚೆನ್ನಾಗಿರುತ್ತದೆ. ಬರದಿದ್ದರೆ ಎಂಥ ದುಬಾರಿ ಬಾಟಲ್ ಒಡೆದರೂ ಹತ್ತು ನಿಮಿಷಕ್ಕೆ ಲೋಟದಲ್ಲಿ ಸಪ್ಪೆ ನೀರು.

ಹಳೇ ಕಥೆ ಒಂದೇ ಪ್ಯಾರಾದಲ್ಲಿ ಮುಗಿಸುತ್ತೇನೆ. 1806ರ ಮೇ 13ರಂದು ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಪತ್ರಿಕೆಯೊಂದು, ಕಾಕ್‌ಟೇಲ್ ಅಂದರೆ ಏನು ಅಂತ ಕೇಳಿದ ಓದುಗನಿಗೆ ಉತ್ತರ ಕೊಟ್ಟಿತು: ಯಾವುದಾದರೂ ಮದ್ಯ, ಸಕ್ಕರೆ, ನೀರು, ಬಿಟರ್ಸ್. ಅಷ್ಟೇ. ಆಮೇಲೆ ಬಾರಿನವರು ಅದಕ್ಕೆ ಕ್ಯುರಸಾವ್ (ಕಿತ್ತಳೆ ಸಿಪ್ಪೆಯ ಸಿಹಿ ಮದ್ಯ), ಅಬ್ಸಿಂತ್ (ಗಿಡಮೂಲಿಕೆಯ ಕಟು ಮದ್ಯ) ಅಂತ ಒಂದೊಂದೇ ಸೇರಿಸುತ್ತಾ ಹೋದರು. ಹಳೇ ಗಿರಾಕಿಗಳು ನಮಗೆ ಹಳೇ ಕ್ರಮದಲ್ಲೇ, ಅಂದರೆ ಓಲ್ಡ್ ಫ್ಯಾಷನ್ಡ್ ಆಗಿಯೇ ಕೊಡಿ ಅಂದರು. ಕೆಂಟಕಿಯ ಲೂಯಿವಿಲ್‌ನಲ್ಲಿರುವ ಪೆಂಡೆನಿಸ್ ಕ್ಲಬ್ಬಿನವರು ಇದು ನಮ್ಮಲ್ಲೇ ಹುಟ್ಟಿದ್ದು ಅನ್ನುತ್ತಾರೆ. ಆ ಕ್ಲಬ್ ಶುರುವಾದದ್ದು 1881ರಲ್ಲಿ, ಷಿಕಾಗೋದ ಪತ್ರಿಕೆಯಲ್ಲಿ ಇದರ ಹೆಸರು 1880ರಲ್ಲೇ ಬಂದಿದೆ. ಲೆಕ್ಕ ನೀವೇ ಹಾಕಿಕೊಳ್ಳಿ. ಅಮೆರಿಕದಲ್ಲಿ ಕಿತ್ತಳೆ ಹೋಳು, ಕೆಂಪು ಚೆರ್ರಿ ಎಲ್ಲ ಲೋಟಕ್ಕೆ ಹಾಕಿ ಜಜ್ಜುವವರೂ ಇದ್ದಾರೆ. ವಿಸ್ಕಾನ್ಸಿನ್‌ನಲ್ಲಿ ಬ್ರಾಂಡಿಯಲ್ಲಿ ಮಾಡಿ ಮೇಲೆ ಸೋಡಾನೂ ಸುರಿಯುತ್ತಾರೆ. ಅದು ಅವರಿಷ್ಟ. ನಾನು ಹಿಡಿದದ್ದು 1806ರ ಪಟ್ಟಿಯನ್ನು.

ಐಸು

ಮೂರರಲ್ಲಿ ಜಾಸ್ತಿ ಹೊತ್ತು ತಿಂದದ್ದು ಇದೇ. ಹಾಗಾಗಿ ಇದೇ ಮೊದಲು.

ಮನೆ ಫ್ರಿಜ್ಜಿನ ಟ್ರೇ ಐಸು ನಡುವೆ ಬೆಳ್ಳಗಿರುತ್ತದೆ ಅಲ್ವಾ, ಅದಕ್ಕೆ ಕಾರಣ ಸುಲಭ. ಟ್ರೇಯಲ್ಲಿ ನೀರು ಎಲ್ಲ ಕಡೆಯಿಂದಲೂ ಒಟ್ಟಿಗೆ ಗಟ್ಟಿಯಾಗುತ್ತದೆ. ನೀರಲ್ಲಿ ಕರಗಿದ್ದ ಗಾಳಿ, ಸುಣ್ಣದಂಶ, ಉಪ್ಪು ಎಲ್ಲ ಓಡಿ ಓಡಿ ನಡುವಿಗೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಐಸಿನ ಹರಳು ಕಟ್ಟುವಾಗ ಬೇರೆ ಯಾವುದನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮುಂದೆ ತಳ್ಳುತ್ತಾ ಹೋಗುತ್ತದೆ. ಹಾಗಾದರೆ ನೀರನ್ನು ಒಂದೇ ಕಡೆಯಿಂದ ಗಟ್ಟಿಯಾಗಿಸಿದರೆ ಕಸವೆಲ್ಲ ಇನ್ನೊಂದು ಕಡೆಗೆ ಹೋಗಿ ಸೇರಬೇಕು. ಸೇರುತ್ತದೆ. ಕ್ಯಾಂಪರ್ ಇಂಗ್ಲಿಷ್ ಅನ್ನುವ ಅಮೆರಿಕದ ಬರಹಗಾರ 2009ರಲ್ಲಿ ಪಿಕ್‌ನಿಕ್ ಕೂಲರ್ ಡಬ್ಬಿಯಲ್ಲಿ ಇದನ್ನು ಮಾಡಿ ತೋರಿಸಿದ, ಈಗ ಎಲ್ಲರೂ ಮಾಡುವುದು ಅದನ್ನೇ.

ನನ್ನ ಹತ್ತಿರ ಕೂಲರ್ ಇರಲಿಲ್ಲ. ಔಷಧಿ ಪಾರ್ಸೆಲ್ ಬಂದಿದ್ದ ಥರ್ಮೋಕೋಲ್ ಪೆಟ್ಟಿಗೆ ಇತ್ತು. ಅದರೊಳಗೆ ಬಿಗಿಯಾಗಿ ಕೂರುವ ಒಂದು ಮೆತ್ತನೆ ಪ್ಲಾಸ್ಟಿಕ್ ಡಬ್ಬಿ ಹುಡುಕಿದೆ. ಸುತ್ತ ಸಂದಿ ಇದ್ದ ಕಡೆ ಥರ್ಮೋಕೋಲ್ ಚೂರು ತುರುಕಿದೆ. ಡಬ್ಬಿಗೆ ನೀರು, ಮೇಲಿನ ಎರಡು ಬೆರಳಷ್ಟು ಖಾಲಿ, ಮುಚ್ಚಳ ಇಲ್ಲ. ತಳಕ್ಕೂ ನಾಲ್ಕು ಪಕ್ಕಕ್ಕೂ ಹೊದಿಕೆ ಇದೆ, ಮೇಲೆ ಮಾತ್ರ ತೆರೆದಿದೆ, ಹಾಗಾಗಿ ಚಳಿ ಒಳಗೆ ಬರುವುದು ಮೇಲಿನಿಂದ ಮಾತ್ರ. ಸ್ಟೀಲ್ ಡಬ್ಬಿ ಇಡಬೇಡಿ, ಲೋಹದ ಗೋಡೆ ಚಳಿಯನ್ನು ಪಕ್ಕದಿಂದ ಕೆಳಗೆ ಎಳೆದುಕೊಂಡು ಹೋಗುತ್ತದೆ. ಗಾಜಂತೂ ಬೇಡವೇ ಬೇಡ. ನೀರು ಗಟ್ಟಿಯಾಗುವಾಗ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ, ಗಾಜು ಒಡೆದರೆ ಫ್ರೀಜರ್ ತುಂಬ ಚೂರು.

ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಮೇಲಿನ ಮೂರರಲ್ಲಿ ಎರಡು ಪಾಲು ಗಟ್ಟಿ, ಕೆಳಗೆ ಇನ್ನೂ ನೀರು. ತೆಗೆಯಬೇಕಾದದ್ದು ಆಗಲೇ. ಪೂರ್ತಿ ಗಟ್ಟಿಯಾಗಲು ಬಿಟ್ಟರೆ ಕೊನೆಗೆ ತಳದಲ್ಲಿ ಅದೇ ಬಿಳಿ ಪದರ ಕಟ್ಟುತ್ತದೆ, ಡಬ್ಬಿಯ ತಳವೂ ಉಬ್ಬುತ್ತದೆ. ಸಿಂಕಿನ ಮೇಲೆ ಡಬ್ಬಿಯನ್ನು ಮಗುಚಿದರೆ ದಪ್ಪ ಹಲಗೆಯೊಂದು ಜಾರಿ ಬೀಳುತ್ತದೆ, ಹಿಂದೆಯೇ ಉಳಿದ ನೀರು. ಕುತೂಹಲಕ್ಕೆ ಆ ನೀರನ್ನು ನಾಲಿಗೆಗೆ ಹಚ್ಚಿ ನೋಡಿ. ನಮ್ಮ ಬೀದಿಯ ಬೋರ್‌ವೆಲ್ ನೀರಲ್ಲಿ ಮಾಡಿದಾಗ ಉಪ್ಪುಪ್ಪಾಗಿ, ಸೀಮೆಸುಣ್ಣ ನೆಕ್ಕಿದಂತಾಯಿತು. ಕಾವೇರಿ ನೀರು, ಬೋರ್ ನೀರು, ಫಿಲ್ಟರ್ ನೀರು ಮೂರರಲ್ಲೂ ಮೇಲಿನ ಭಾಗ ತಿಳಿಯಾಗೇ ಬಂತು. ನೀರನ್ನು ಎರಡು ಸಲ ಕುದಿಸಬೇಕು ಅಂತ ಹೇಳುವವರಿದ್ದಾರೆ. ಕುದಿಸಿಯೂ ನೋಡಿದೆ. ಈ ವಿಧಾನದಲ್ಲಿ ಅದರಿಂದ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ, ಗ್ಯಾಸ್ ಉಳಿಸಿ.

ಹಲಗೆಯನ್ನು ಫ್ರೀಜರ್‌ನಿಂದ ತೆಗೆದ ಕೂಡಲೇ ಕತ್ತರಿಸಲು ಹೋದರೆ ಟಪ್ ಅಂತ ಅಡ್ಡಾದಿಡ್ಡಿ ಸೀಳುತ್ತದೆ. ಐದು ಹತ್ತು ನಿಮಿಷ ಹೊರಗಿಡಿ. ತೆಗೆದಾಗ ಮೇಲ್ಮೈ ಒಣಗಿ ಮಂಜು ಕವಿದಿರುತ್ತದೆ, ನೀರೂರಿ ಹೊಳಪು ಬಂದು ಹಿಂದೆ ಇಟ್ಟ ಪೇಪರಿನ ಅಕ್ಷರ ಓದಲು ಬಂದಾಗ ಅದು ತಯಾರು ಅಂತ ಅರ್ಥ. ಹಳೇ ಟವೆಲ್ ಹಾಸಿ, ಹಲ್ಲಿರುವ ಬ್ರೆಡ್ ಚಾಕುವಿನಿಂದ ಗೆರೆ ಎಳೆದು, ಅರ್ಧ ಸೆಂಟಿಮೀಟರ್ ಆಳದ ಕಚ್ಚು ಮಾಡಿ. ಚಾಕು ಆ ಕಚ್ಚಿನಲ್ಲೇ ಇರಲಿ, ಅದರ ಬೆನ್ನಿನ ಮೇಲೆ ಲಟ್ಟಣಿಗೆಯಿಂದ ಮೆಲ್ಲಗೆ ಬಡಿಯಿರಿ. ಎರಡು ಮೂರು ಬಡಿತಕ್ಕೆ ಒಳಗೆ ಒಂದು ಬೆಳ್ಳಿ ಗೆರೆ ಕಾಣಿಸುತ್ತದೆ, ಇನ್ನೊಂದು ಬಡಿತಕ್ಕೆ ನೇರವಾಗಿ ಎರಡು ತುಂಡು. ಜೋರಾಗಿ ಹೊಡೆದರೆ ಕೆಲಸ ಹಾಳು, ಕೈಯೂ ಜೋಪಾನ. ಐದೈದು ಸೆಂಟಿಮೀಟರಿನ ಚೌಕಗಳನ್ನು ಕತ್ತರಿಸಿ, ಗಾಳಿಯಾಡದ ಕವರಿನಲ್ಲಿ ಹಾಕಿ ವಾಪಸ್ ಫ್ರೀಜರ್‌ಗೆ. ಬಿಚ್ಚಿಟ್ಟರೆ ಪಕ್ಕದಲ್ಲಿರುವ ಮೀನಿನ ವಾಸನೆ, ಬಟಾಣಿ ವಾಸನೆ ಎಲ್ಲ ಹಿಡಿದುಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿ ಒಂದು ಮಾತು ಹೇಳಲೇಬೇಕು. ತಿಳಿ ಐಸು ಮುಖ್ಯವಾಗಿ ಕಣ್ಣಿಗೆ. ರುಚಿಗೆ ಲೆಕ್ಕಕ್ಕೆ ಬರುವುದು ಅದರ ಗಾತ್ರ. ಐದು ಸೆಂಟಿಮೀಟರಿನ ಒಂದು ಗಡ್ಡೆಗೆ ಹೊರಮೈ 150 ಚದರ ಸೆಂಟಿಮೀಟರ್. ಅಷ್ಟೇ ಐಸನ್ನು ಎರಡೂವರೆ ಸೆಂಟಿಮೀಟರಿನ ಎಂಟು ತುಂಡು ಮಾಡಿದರೆ ಹೊರಮೈ 300. ಐಸು ಅಷ್ಟೇ, ಕರಗುವ ಮೈ ಡಬಲ್. ತಿಳಿ ಮಾಡಲು ಬೇಜಾರಾದರೆ ಒಂದು ಸಣ್ಣ ಬಟ್ಟಲಿನಲ್ಲಿ ನೀರಿಟ್ಟು ದೊಡ್ಡ ಬಿಳಿ ಗಡ್ಡೆ ಮಾಡಿಕೊಳ್ಳಿ. ಮುಕ್ಕಾಲು ಕೆಲಸ ಅದೇ ಮಾಡುತ್ತದೆ.

ಸಿಹಿ

ಸಕ್ಕರೆ ಆಲ್ಕೋಹಾಲಿನಲ್ಲಿ ಸರಿಯಾಗಿ ಕರಗಲ್ಲ. ಅದಕ್ಕೇ ಹಳೇ ಕ್ರಮದಲ್ಲಿ ಸಕ್ಕರೆ ಗಡ್ಡೆಯ ಮೇಲೆ ಬಿಟರ್ಸ್ ಹನಿಸಿ, ಒಂದು ಚಮಚ ನೀರು ಹಾಕಿ, ಮೊದಲು ಅದನ್ನು ಜಜ್ಜಿ ಕರಗಿಸುತ್ತಿದ್ದರು. ನೋಡಲು ಚಂದ. ಆದರೆ ತಳದಲ್ಲಿ ಕರಕರ ಅನ್ನುವ ಸಕ್ಕರೆ ಉಳಿದೇ ಉಳಿಯುತ್ತದೆ, ಮೊದಲ ಗುಟುಕು ಖಾರ, ಕೊನೆಯ ಗುಟುಕು ಪಾನಕ. ಪಾಕ ಮಾಡಿಟ್ಟುಕೊಳ್ಳುವುದು ವಾಸಿ. 200 ಗ್ರಾಂ ಸಕ್ಕರೆಗೆ 100 ಎಂಎಲ್ ನೀರು, ಕರಗುವಷ್ಟು ಬಿಸಿ ಮಾಡಿ ಇಳಿಸಿ. ಎಳೆ ಪಾಕ ಬರುವವರೆಗೆ ಕುದಿಸುವುದು ಬೇಡ, ಇದು ಮೈಸೂರು ಪಾಕ್ ಅಲ್ಲ. ಒಂದು ಟೀ ಚಮಚ, ಅಂದರೆ 5 ಎಂಎಲ್ ಪಾಕದಲ್ಲಿ ಸುಮಾರು ನಾಲ್ಕೂವರೆ ಗ್ರಾಂ ಸಕ್ಕರೆ ಇರುತ್ತದೆ. ಹಳೇ ಕಾಲದ ಒಂದು ಸಕ್ಕರೆ ಗಡ್ಡೆಗೆ ಹೆಚ್ಚು ಕಡಿಮೆ ಸರಿ.

ಅಳೆಯಲು ಕೆಮ್ಮಿನ ಔಷಧಿಯ ಜೊತೆ ಬರುವ ಸಣ್ಣ ಪ್ಲಾಸ್ಟಿಕ್ ಕಪ್ ಹುಡುಕಿ. 2.5, 5, 10 ಅಂತ ಗೆರೆ ಇರುತ್ತದೆ. ದುಡ್ಡು ಕೊಟ್ಟು ಬಾರ್ ಸಾಮಾನು ತರುವ ಮುಂಚೆ ಔಷಧಿ ಡಬ್ಬಿ ನೋಡಿ ಅಂತ ನನ್ನ ಸಲಹೆ.

ಸಕ್ಕರೆ ಆದಮೇಲೆ ಬೆಲ್ಲ. ಮಂಡ್ಯದ ಅಚ್ಚು ಬೆಲ್ಲ ಕರಗಿಸಿ ಸೋಸಿದರೆ ಕೆಲಸ ನಡೆಯುತ್ತದೆ, ಆದರೆ ಶಿರಸಿ, ಸಾಗರದ ಕಡೆಯಿಂದ ಬರುವ ಜೋನಿ ಬೆಲ್ಲ ಇದ್ದರೆ ಅದನ್ನೇ ಹಾಕಿ. ಅದು ಮೊದಲೇ ನೀರು ನೀರಾಗಿರುತ್ತದೆ, ಒಂದು ಚಮಚಕ್ಕೆ ಅರ್ಧ ಚಮಚ ಬಿಸಿನೀರು ಸೇರಿಸಿದರೆ ಸಾಕು. ಕಬ್ಬಿನ ಹಾಲು ಕಾಯಿಸುವಾಗ ಕೊಳೆ ಎತ್ತಲು ಸುಣ್ಣ ಹಾಕುತ್ತಾರೆ, ಬೆಂಡೆ ಗಿಡದ ಲೋಳೆಯನ್ನೂ ಹಾಕುವುದುಂಟು. ಆದರೂ ಜೋನಿ ಬೆಲ್ಲದಲ್ಲಿ ತಳಕ್ಕೆ ಕೂರುವ ಗಸಿ ಇದ್ದೇ ಇರುತ್ತದೆ. ಬಾಟಲಿಯನ್ನು ಒಂದು ರಾತ್ರಿ ಅಲ್ಲಾಡಿಸದೆ ಇಟ್ಟು ಮೇಲಿನದನ್ನು ಬಸಿದುಕೊಂಡೆ. ಲೋಟದಲ್ಲಿ ಬಣ್ಣ ಸ್ವಲ್ಪ ಮಂಕು, ತಿಳಿ ಐಸಿನ ಜಂಭ ಅರ್ಧ ಹೋಗುತ್ತದೆ. ರುಚಿಯಲ್ಲಿ ಮಾತ್ರ ಸಕ್ಕರೆಯನ್ನು ಮೀರಿಸುತ್ತದೆ, ತುದಿಯಲ್ಲೊಂದು ಸಣ್ಣ ಉಪ್ಪಿನ ಅಂಶ ಬರುತ್ತದೆ ನೋಡಿ, ಅದು ಅಮೆರಿಕದ ಬರ್ಬನ್ ವಿಸ್ಕಿ ಜೊತೆ ಬಹಳ ಚೆನ್ನಾಗಿ ಹೋಗುತ್ತದೆ.

ಕಹಿ

ಅಂಗಡಿಯ ಬಿಟರ್ಸ್ ಅಂದರೆ ಮೊದಲು ಬರುವ ಹೆಸರು ಆಂಗೊಸ್ಟುರಾ. ಬಾಟಲಿಗಿಂತ ದೊಡ್ಡ ಲೇಬಲ್ ಸುತ್ತಿಕೊಂಡಿರುತ್ತದಲ್ಲ, ಅದೇ. ಯೋಹಾನ್ ಸೀಗರ್ಟ್ ಅನ್ನುವ ಜರ್ಮನ್ ಡಾಕ್ಟರು, ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಹೋರಾಟದ ನಾಯಕ ಸಿಮೋನ್ ಬೊಲಿವಾರ್‌ನ ಸೈನ್ಯದಲ್ಲಿ ಕೆಲಸ ಮಾಡುತ್ತಿದ್ದವರು, 1824ರಲ್ಲಿ ವೆನೆಜುವೆಲಾದ ಆಂಗೊಸ್ಟುರಾ ಊರಿನಲ್ಲಿ ಹೊಟ್ಟೆಯ ಔಷಧಿ ಅಂತ ಇದನ್ನು ಮಾಡಿದರು. ಆಮೇಲೆ ಅವರ ಮಕ್ಕಳು ಕಂಪನಿಯನ್ನು ಟ್ರಿನಿಡಾಡ್‌ಗೆ ಒಯ್ದರು, ಇವತ್ತಿಗೂ ಅಲ್ಲೇ ಇದೆ. 44.7% ಆಲ್ಕೋಹಾಲ್. ಕುಡಿಯುವುದಕ್ಕಲ್ಲ, ಹನಿಸುವುದಕ್ಕೆ. ಸಾರಿನಲ್ಲಿ ಇಂಗು ಇದ್ದ ಹಾಗೆ ಇದು: ಇದ್ದರೆ ಗೊತ್ತಾಗಲ್ಲ, ಇಲ್ಲದಿದ್ದರೆ ಏನೋ ಕಡಿಮೆ.

ಒಂದು ಬಾಟಲ್ ತಂದರೆ ವರ್ಷಗಟ್ಟಲೆ ಬರುತ್ತದೆ, ಹಾಗಾಗಿ ಮನೆಯಲ್ಲಿ ಮಾಡುವುದು ದುಡ್ಡು ಉಳಿಸಲಂತೂ ಅಲ್ಲ. ಹಠಕ್ಕೆ, ಅಷ್ಟೇ.

ಕಹಿಗೆ ಅವರು ಹಾಕುವುದು ಜೆನ್ಷಿಯನ್ ಬೇರು. ನನಗೆ ಸುಲಭವಾಗಿ ಸಿಕ್ಕಿದ್ದು ನೆಲಬೇವು. ಗ್ರಂಧಿಗೆ ಅಂಗಡಿಯಲ್ಲಿ ಕೇಳಿದಾಗ ಅಂಗಡಿಯವರು "ಜ್ವರ ಯಾರಿಗೆ?" ಅಂದರು. ಕಾಕ್‌ಟೇಲ್‌ಗೆ ಅನ್ನಲು ಬಾಯಿ ಬರಲಿಲ್ಲ, ಮನೆಯಲ್ಲಿ ಇರಲಿ ಅಂತ ಅಂದೆ. ಹತ್ತು ರೂಪಾಯಿಗೆ ಕಟ್ಟಿಕೊಟ್ಟದ್ದು ಇಡೀ ಬೀದಿಗೆ ಕಹಿ ಹಂಚುವಷ್ಟಿತ್ತು.

ಎಲ್ಲ ಸಾಮಾನನ್ನೂ ಒಂದೇ ಬಾಟಲಿಗೆ ಹಾಕಿ ತಿಂಗಳು ಬಿಡುವ ವಿಧಾನ ಬಹಳ ಕಡೆ ಹೇಳುತ್ತಾರೆ. ನನಗೆ ಅದು ಸರಿ ಕಾಣಲ್ಲ. ಒಂದೊಂದು ಸಾಮಾನಿನ ಬಿಡುವ ವೇಗ ಒಂದೊಂದು. ನೆಲಬೇವು ಒಂದೇ ದಿನದಲ್ಲಿ ತನ್ನದೆಲ್ಲ ಬಿಡುತ್ತದೆ, ಲವಂಗಕ್ಕೆ ಎರಡು ದಿನ ಸಾಕು, ಸಿಪ್ಪೆಗೆ ವಾರ ಬೇಕು. ಒಟ್ಟಿಗೆ ಹಾಕಿದರೆ ಸಿಪ್ಪೆ ಏಳುವಷ್ಟರಲ್ಲಿ ಲವಂಗ ಎಲ್ಲರನ್ನೂ ತುಳಿದಿರುತ್ತದೆ. ಅದಕ್ಕೆ ಬೇರೆ ಬೇರೆ ಜಾಮ್ ಬಾಟಲಿ. ಎಲ್ಲದಕ್ಕೂ 42.8%ನ ಸಾದಾ ವೋಡ್ಕಾ. ಒಂದರಲ್ಲಿ 50 ಎಂಎಲ್‌ಗೆ ಎರಡು ಗ್ರಾಂ ನೆಲಬೇವು, ಒಂದು ದಿನ. ಇನ್ನೊಂದರಲ್ಲಿ 50 ಎಂಎಲ್‌ಗೆ ಒಂದು ತುಂಡು ಚಕ್ಕೆ, ಮೂರು ಲವಂಗ, ಜಜ್ಜಿದ ನಾಲ್ಕು ಏಲಕ್ಕಿ, ಅರ್ಧ ಅನಾನಸ್ ಹೂವು, ಎರಡು ದಿನ. ಮೂರನೆಯದರಲ್ಲಿ 100 ಎಂಎಲ್‌ಗೆ ನೆರಳಲ್ಲಿ ಒಣಗಿಸಿದ ಕಿತ್ತಳೆ ಸಿಪ್ಪೆ ಒಂದು ಹಿಡಿ, ನಾಲ್ಕು ಹುರಿದ ಕಾಫಿ ಬೀಜ, ಒಂದು ವಾರ. ದಿನಕ್ಕೊಮ್ಮೆ ಅಲ್ಲಾಡಿಸುವುದು, ಮುಗಿದ ಮೇಲೆ ಪಂಚೆ ಬಟ್ಟೆಯಲ್ಲಿ ಸೋಸಿ ಮತ್ತೆ ಪೇಪರ್ ಫಿಲ್ಟರ್‌ನಲ್ಲಿ ಸೋಸುವುದು. ನಮ್ಮ ಸ್ಟೀಲ್ ಕಾಫಿ ಫಿಲ್ಟರಿನ ತೂತು ಇದಕ್ಕೆ ದೊಡ್ಡದಾಯಿತು, ಏಲಕ್ಕಿ ಪುಡಿ ಇಳಿದುಬಿಡುತ್ತದೆ.

ಆಮೇಲೆ ಮೆಡಿಕಲ್ ಸ್ಟೋರಿನ ಡ್ರಾಪರ್ ಹಿಡಿದು ಬೆರೆಸುವ ಆಟ. ನನಗೆ ಒಪ್ಪಿದ ಹದ: ಸಿಪ್ಪೆಯದು ನಾಲ್ಕು ಪಾಲು, ಮಸಾಲೆಯದು ಎರಡು, ನೆಲಬೇವಿನದು ಒಂದು. ಒಂದು ಲೋಟ ಸೋಡಾಕ್ಕೆ ಹತ್ತು ಹನಿ ಹಾಕಿ ರುಚಿ ನೋಡಿ, ವಿಸ್ಕಿಯಲ್ಲಿ ನೋಡಿದರೆ ಏನೂ ತಿಳಿಯಲ್ಲ. ಕಾಕ್‌ಟೇಲ್ ಲೆಕ್ಕದಲ್ಲಿ ಒಂದು ಡ್ಯಾಶ್ ಅಂದರೆ ಸುಮಾರು ಮುಕ್ಕಾಲು ಎಂಎಲ್, ನಮಗೆ ಎರಡು ಡ್ಯಾಶ್ ಬೇಕು.

ರಕ್ತ ತೆಳುವಾಗಿಸುವ ಮಾತ್ರೆ, ಬಿಪಿ ಮಾತ್ರೆ ತಗೊಳ್ಳುವವರು ಈ ನೆಲಬೇವಿನ ಉಸಾಬರಿಗೆ ಹೋಗಬೇಡಿ, ಅಂಗಡಿಯ ಬಿಟರ್ಸ್ ಸಾಕು. ಇನ್ನೊಂದು, ಇದೆಲ್ಲ ಬರೀ ನೆನೆಹಾಕುವ ಕೆಲಸ. ಭಟ್ಟಿ ಇಳಿಸುವುದು ಬೇರೆ ಸಂಗತಿ, ಲೈಸೆನ್ಸ್ ಇಲ್ಲದೆ ಮಾಡಿದರೆ ಅಪರಾಧ, ಜೀವಕ್ಕೂ ಅಪಾಯ.

ನಿಜ ಹೇಳಬೇಕಂದರೆ ಕಣ್ಣು ಮುಚ್ಚಿ ಕುಡಿದಾಗ ನನ್ನದಕ್ಕಿಂತ ಆಂಗೊಸ್ಟುರಾ ಹಾಕಿದ್ದೇ ಒಂದು ಕೈ ಮೇಲು ಅನ್ನಿಸಿತು. ಏಲಕ್ಕಿ ಇಷ್ಟ ಇರುವವರು ನನ್ನದನ್ನು ಹಿಡಿಯುತ್ತಾರೆ. ಮೂರರಲ್ಲಿ ಬಿಟ್ಟುಬಿಡಬಹುದಾದ ಕೆಲಸ ಯಾವುದು ಅಂತ ಕೇಳಿದರೆ ಇದೇ.

ವಿಸ್ಕಿ

ಈ ಡ್ರಿಂಕಿಗೆ ಹುಟ್ಟಿನಿಂದ ಹೊಂದುವುದು ಅಮೆರಿಕದ ಬರ್ಬನ್ ಅಥವಾ ರೈ (ರೈ ಅನ್ನುವ ಧಾನ್ಯದ ವಿಸ್ಕಿ). ಬರ್ಬನ್‌ಗೆ ಕಾನೂನೇ ಇದೆ: ಧಾನ್ಯದಲ್ಲಿ ಕಡೇಪಕ್ಷ 51% ಮೆಕ್ಕೆಜೋಳ, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿ, ಬಾಟಲಿಗೆ 40%ಗಿಂತ ಕಡಿಮೆ ಇಲ್ಲ. ಹೊಸ ಮರವಾದ್ದರಿಂದ ವೆನಿಲ್ಲಾ, ಕಾಯಿಸಿದ ಸಕ್ಕರೆಯ ವಾಸನೆ ಜಾಸ್ತಿ, ಬೆಲ್ಲ ಒಪ್ಪುವುದು ಅದಕ್ಕೇ. 2025ರ ಫೆಬ್ರವರಿಯಲ್ಲಿ ಬರ್ಬನ್ ಮೇಲಿನ ಆಮದು ಸುಂಕ 150%ನಿಂದ 100%ಗೆ ಇಳಿಯಿತು. ನಮ್ಮ ರಾಜ್ಯದ ಅಬಕಾರಿ ಸುಂಕ ಸೇರಿ ಕೊನೆಗೆ ಎಂಆರ್‌ಪಿ ಅಂಗಡಿಯಲ್ಲಿ ಎಷ್ಟು ಬೀಳುತ್ತದೆ ಅಂತ ಕೇಳಿ ಹೊಟ್ಟೆ ಉರಿಸಿಕೊಳ್ಳುವುದು ಬೇಡ.

ಪಕ್ಕದಲ್ಲೇ ಅಮೃತ್ ಇದೆಯಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿ, ಈಗ ಮೈಸೂರು ರಸ್ತೆಯ ಕಂಬೀಪುರದಲ್ಲಿ ಡಿಸ್ಟಿಲರಿ. ತಮ್ಮ ಸಿಂಗಲ್ ಮಾಲ್ಟನ್ನು (ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ) 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ಧೈರ್ಯ ನೋಡಿ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ 2%ನಷ್ಟು ಆವಿಯಾದರೆ ಬೆಂಗಳೂರಿನ ಹವೆಯಲ್ಲಿ 10ರಿಂದ 12% ಹೋಗುತ್ತದೆ. ಹಾಗಾಗಿ ಇಲ್ಲಿ ನಾಲ್ಕೈದು ವರ್ಷಕ್ಕೇ ಮರದ ಗುಣ ಚೆನ್ನಾಗಿ ಹಿಡಿದಿರುತ್ತದೆ. ಅವರ ಸಾದಾ ಸಿಂಗಲ್ ಮಾಲ್ಟ್ 46%, ಫ್ಯೂಷನ್ 50%. ಸಾದಾದರಲ್ಲಿ ಮಾಡಿದ್ದು ನನಗೆ ಬರ್ಬನ್‌ನಷ್ಟೇ ಇಷ್ಟವಾಯಿತು, ಪಾಕವನ್ನು ಮಾತ್ರ ಒಂದು ಚಮಚದಿಂದ ಮುಕ್ಕಾಲಕ್ಕೆ ಇಳಿಸಬೇಕು. ಫ್ಯೂಷನ್‌ನಲ್ಲಿ ಹೊಗೆ ಹಿಡಿಸಿದ ಸ್ಕಾಟ್ಲೆಂಡಿನ ಬಾರ್ಲಿಯೂ ಇರುವುದರಿಂದ ಅನಾನಸ್ ಹೂವಿನ ಜೊತೆ ಜಗಳ. ಅದಕ್ಕೆ ಆಂಗೊಸ್ಟುರಾನೇ ಸರಿ.

ದಿನಬಳಕೆಯ ಅಗ್ಗದ ವಿಸ್ಕಿ? ಅದರಲ್ಲೂ ಮಾಡಿದೆ, ಹೆಸರು ಬೇಡ. ಅಂಥವುಗಳಲ್ಲಿ ಹೆಚ್ಚಿನವು ಕಾಕಂಬಿಯ ಅಥವಾ ಧಾನ್ಯದ ನ್ಯೂಟ್ರಲ್ ಸ್ಪಿರಿಟ್‌ಗೆ (ತನ್ನದೇ ರುಚಿ ಉಳಿಯದಂತೆ ಶುದ್ಧ ಮಾಡಿದ ಆಲ್ಕೋಹಾಲ್) ಸ್ವಲ್ಪ ಮಾಲ್ಟ್ ಬೆರೆಸಿದವು. ಅವನ್ನು ಸೋಡಾಕ್ಕೆ ಅಂತಲೇ ಮಾಡಿರುತ್ತಾರೆ. ಸಕ್ಕರೆ ಬಿದ್ದ ಕೂಡಲೇ ಹಿಂದಿನಿಂದ ಸ್ಪಿರಿಟ್ ವಾಸನೆ ಎದ್ದು ಬರುತ್ತದೆ. ಒಂದು ಮೆಟ್ಟಿಲು ಮೇಲಿನದಾದರೆ ಪರವಾಗಿಲ್ಲ, ಲೇಬಲ್ ಮೇಲೆ 42.8% ಅಂತಲೇ ಇರುತ್ತದೆ, ಆದರೆ ಅದಕ್ಕೆ ನೀರು ಸ್ವಲ್ಪ ಕಡಿಮೆ ಸೇರಬೇಕು. ಯಾಕೆ ಅಂತ ಮುಂದೆ ಇದೆ.

ಕಲಸುವುದು, ತೂಗುವುದು

ಒಂದು ಉದ್ದನೆಯ ಸ್ಟೀಲ್ ಲೋಟ, ಒಂದು ಉದ್ದ ಹಿಡಿಯ ಚಮಚ, ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ. 60 ಎಂಎಲ್ ವಿಸ್ಕಿ, 5 ಎಂಎಲ್ ಪಾಕ, ಎರಡು ಡ್ಯಾಶ್ ಬಿಟರ್ಸ್. ಇದರ ತೂಕ ಸುಮಾರು 64 ಗ್ರಾಂ ಬರುತ್ತದೆ, ಆಲ್ಕೋಹಾಲ್ ನೀರಿಗಿಂತ ಹಗುರ, ಹಾಗಾಗಿ ಎಂಎಲ್‌ಗೂ ಗ್ರಾಮಿಗೂ ತಾಳೆ ಆಗಲ್ಲ ಅಂತ ಗಾಬರಿ ಬೇಡ. ಲೋಟದ ತುಂಬ ಮಾಮೂಲಿ ಟ್ರೇ ಐಸು ಹಾಕಿ, ಚಮಚದ ಬೆನ್ನನ್ನು ಲೋಟದ ಗೋಡೆಗೆ ಒತ್ತಿಕೊಂಡೇ ಸುತ್ತಿಸಿ. ಸದ್ದು ಬರಬಾರದು. ಕಡೆಯುವುದಲ್ಲ, ಸುತ್ತಿಸುವುದು. ಷೇಕರ್‌ನಲ್ಲಿ ಕುಲುಕಿದರೆ ಗಾಳಿ ಸೇರಿ ಮಬ್ಬಾಗುತ್ತದೆ, ನಿಂಬೆ ರಸ ಇರುವ ವಿಸ್ಕಿ ಸೋರ್ ಥರದ್ದಕ್ಕೆ ಅದು ಸರಿ, ಇದಕ್ಕಲ್ಲ.

ಇಲ್ಲಿ ಒಂದು ಲೆಕ್ಕ ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ. ತಣ್ಣಗಾಗುವುದು, ನೀರಾಗುವುದು ಎರಡೂ ಒಂದೇ ಕೆಲಸ. ಐಸು ಕರಗುವಾಗಲೇ ಶಾಖ ಎಳೆದುಕೊಳ್ಳುತ್ತದೆ, ಕರಗದೆ ತಣ್ಣಗೆ ಮಾಡು ಅಂದರೆ ಹೆಚ್ಚೇನೂ ಮಾಡಲ್ಲ. 26 ಡಿಗ್ರಿಯಲ್ಲಿದ್ದ 60 ಎಂಎಲ್ ವಿಸ್ಕಿಯನ್ನು ಸೊನ್ನೆಯ ಕೆಳಗೆ ಇಳಿಸಲು ಹದಿನೈದರಿಂದ ಇಪ್ಪತ್ತು ಗ್ರಾಂ ಐಸು ಕರಗಲೇಬೇಕು. ಹೌದು, ಸೊನ್ನೆಯ ಕೆಳಗೆ. ಆಲ್ಕೋಹಾಲ್ ಇರುವುದರಿಂದ ಲೋಟದ ಒಳಗೆ ಮೈನಸ್ ಎರಡು, ಮೂರಕ್ಕೂ ಇಳಿಯುತ್ತದೆ, ಥರ್ಮಾಮೀಟರ್ ಇದ್ದವರು ಇಟ್ಟು ನೋಡಿ. ಆಮೇಲೆ ಕರಗುವುದು ತಾನಾಗೇ ನಿಧಾನವಾಗುತ್ತದೆ. ಅರ್ಧ ನಿಮಿಷ ಸುತ್ತಿಸಿ, ಸೋಸಿ ತೂಗಿದರೆ 80 ಗ್ರಾಮಿನ ಆಸುಪಾಸು. ಐಸಿಗೆ ಅಂಟಿಕೊಂಡು ಎರಡು ಮೂರು ಗ್ರಾಂ ಹಿಂದೆ ಉಳಿಯುತ್ತದೆ, ಅದು ಲೆಕ್ಕದಲ್ಲಿರಲಿ.

46%ನ ವಿಸ್ಕಿ ಹಾಕಿದ್ದರೆ ಈಗ ಲೋಟದಲ್ಲಿರುವುದು ಸುಮಾರು 33%. 42.8%ನದಾದರೆ ಅಷ್ಟೇ ನೀರಿಗೆ 31ಕ್ಕೆ ಇಳಿದಿರುತ್ತದೆ. ಎರಡು ಪಾಯಿಂಟ್ ಏನು ಮಹಾ ಅನ್ನಬೇಡಿ, 30ರ ಕೆಳಗೆ ಹೋದರೆ ಇದು ತೆಳು ಅನ್ನಿಸಲು ಶುರುವಾಗುತ್ತದೆ, ಆಮೇಲೆ ಲೋಟದಲ್ಲಿ ಇನ್ನೂ ಕರಗುವುದಿದೆ. ಅದಕ್ಕೇ 42.8%ನದನ್ನು ಇಪ್ಪತ್ತು ಸೆಕೆಂಡಿಗೆ ನಿಲ್ಲಿಸಿ, ಬಾಟಲಿಯನ್ನು ಮೊದಲೇ ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಒಳ್ಳೇದು. ಪೀಪಾಯಿಯಿಂದ ತೆಗೆದು ನೀರು ಬೆರೆಸದೆ ತುಂಬುವ ಅಮೃತ್‌ನ ಕ್ಯಾಸ್ಕ್ ಸ್ಟ್ರೆಂತ್ 61.8%, ಅಂಥದ್ದು ಹಿಡಿದರೆ 45 ಎಂಎಲ್ ಸಾಕು, ನಿಧಾನವಾಗಿ ಒಂದು ನಿಮಿಷ ಸುತ್ತಿಸಿ.

ಈಗ ತಿಳಿ ಐಸಿನ ಗಡ್ಡೆಯನ್ನು ಅಗಲ ಬಾಯಿಯ ಗಿಡ್ಡ ಲೋಟಕ್ಕೆ ಇಳಿಸಿ, ಮೇಲಿಂದ ಸೋಸಿ ಸುರಿಯಿರಿ. ಅಮೃತ್ ಥರದ, ಚಿಲ್ ಫಿಲ್ಟರ್ ಮಾಡದ (ತಣ್ಣಗೆ ಮಾಡಿ ಸೋಸದ) ವಿಸ್ಕಿ ಐಸು ತಾಗಿದಾಗ ಸ್ವಲ್ಪ ಮಸುಕಾಗಬಹುದು. ಕೆಟ್ಟಿದೆ ಅಂತಲ್ಲ. ಅದರಲ್ಲಿರುವ ಎಣ್ಣೆಯಂಶ ತಣ್ಣಗಾದಾಗ ಹಾಗೆ ಕಾಣುತ್ತದೆ.

ಸಿಪ್ಪೆ

ಇದನ್ನು ಅಲಂಕಾರ ಅಂತ ಬಿಡುವವರು ಬಹಳ. ಬಿಡಬೇಡಿ. ಮೂಗಿಗೆ ಸಿಗುವ ಅರ್ಧ ಡ್ರಿಂಕ್ ಇದೇ.

ನಾಗಪುರದ ಕಿತ್ತಳೆ ಇದಕ್ಕೆ ಆಗಿಬರಲ್ಲ. ಸಿಪ್ಪೆ ಸಡಿಲ, ತೆಳು, ಮಡಚಿದರೆ ಎಣ್ಣೆ ಚಿಮ್ಮುವುದಕ್ಕಿಂತ ಮೊದಲು ಹರಿದುಹೋಗುತ್ತದೆ. ಗಟ್ಟಿ ಸಿಪ್ಪೆಯ ಆಮದು ಕಿತ್ತಳೆ ಸರಿ, ಮೇಲಿನ ಮೇಣವನ್ನು ಬಿಸಿನೀರಲ್ಲಿ ಉಜ್ಜಿ ತೊಳೆಯಿರಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೇರಳೆಕಾಯಿ. ಚಿತ್ರಾನ್ನಕ್ಕೆ, ಉಪ್ಪಿನಕಾಯಿಗೆ ತರುತ್ತೇವಲ್ಲ, ಅದೇ. ಸಿಪ್ಪೆ ದಪ್ಪ, ಉಬ್ಬುತಗ್ಗು, ಎಣ್ಣೆ ಧಾರಾಳ. ಕಿತ್ತಳೆಯ ಸಿಹಿ ವಾಸನೆ ಇರಲ್ಲ, ಇನ್ನೂ ಚುರುಕು, ಒಗರು. ಬೆಲ್ಲ ಹಾಕಿದ ಲೋಟಕ್ಕೆ ಅದೇ ಬೇಕು.

ತರಕಾರಿ ಹೆರೆಯುವ ಪೀಲರ್‌ನಿಂದ ಎರಡು ಬೆರಳಗಲ ಹೆರೆಯಿರಿ, ಒಳಗಿನ ಬಿಳಿ ಆದಷ್ಟು ಕಡಿಮೆ ಬರಲಿ. ಬಣ್ಣದ ಕಡೆ ಲೋಟಕ್ಕೆ ಮುಖ ಮಾಡಿ, ಎರಡೂ ತುದಿ ಹಿಡಿದು ಮಡಚಿ. ಬೆಳಕಿಗೆ ಅಡ್ಡ ಹಿಡಿದರೆ ಸಣ್ಣ ತುಂತುರು ಹಾರುವುದು ಕಾಣುತ್ತದೆ, ಐಸಿನ ಮೇಲೆ ಬಿದ್ದು ಮಳೆಬಿಲ್ಲಿನ ಬಣ್ಣದ ತೆಳು ಪೊರೆ ಕಟ್ಟುತ್ತದೆ. ನಡುವೆ ಮೇಣದಬತ್ತಿ ಹಿಡಿದರೆ ಚಿರ್ ಅಂತ ಕಿಡಿಯಾಗುತ್ತದೆ, ಸಿಪ್ಪೆಯ ಎಣ್ಣೆಯಲ್ಲಿ ಬಹುಪಾಲು ಲಿಮೊನೀನ್, ಚೆನ್ನಾಗಿ ಉರಿಯುತ್ತದೆ. ಮಕ್ಕಳು ಇದ್ದರೆ ಇನ್ನೊಮ್ಮೆ, ಇನ್ನೊಮ್ಮೆ ಅಂತಾರೆ. ವಾಸನೆಗೆ ಮಾತ್ರ ಸುಡದೆ ಹಿಂಡಿದ್ದೇ ವಾಸಿ. ಸುಟ್ಟದ್ದು ಅರೆಕ್ಷಣ ಚೆನ್ನಾಗಿದ್ದು ಆಮೇಲೆ ಹೊಗೆ ಹೊಗೆ. ಬೆಂಕಿಕಡ್ಡಿ ಬೇಡ, ಗಂಧಕದ ವಾಸನೆ ಲೋಟಕ್ಕೆ ಇಳಿಯುತ್ತದೆ. ಹಿಂಡಿದ ಸಿಪ್ಪೆಯಿಂದ ಲೋಟದ ಅಂಚು ಒರೆಸಿ ಒಳಗೆ ಬಿಡಿ.

ಊರಿಂದ ಬಂದಿದ್ದ ಭಾವ ತಕ್ಕಡಿಯಿಂದ ಸಿಪ್ಪೆಯವರೆಗೆ ಇಡೀ ನಾಟಕವನ್ನು ಕುರ್ಚಿಯಲ್ಲಿ ಕೂತು ನೋಡಿದರು. "ಅಲ್ಲ ಮಾರಾಯ, ಇಷ್ಟು ಹೊತ್ತಿಗೆ ನಾನು ಎರಡು ಹಾಕಿ ಊಟ ಮಾಡಿ ಮಲಗ್ತಿದ್ದೆ" ಅಂದರು. ಒಂದು ಗುಟುಕು ಕುಡಿದು, ಬೆಲ್ಲದ್ದು ಚೆನ್ನಾಗಿದೆ ಅಂದರು. ಇನ್ನೊಂದು ಗುಟುಕು ಕುಡಿದು, ಸ್ವಲ್ಪ ಸೋಡಾ ಇದ್ದಿದ್ರೆ ಅಂದರು. ಐಸು ಕತ್ತರಿಸುವಾಗ ಬಿದ್ದ ಚೂರುಪಾರನ್ನೆಲ್ಲ ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದೆ, ಅದು ಅವರ ಸೋಡಾ ಲೋಟಕ್ಕೆ ಹೋಯಿತು. ಬಿಟರ್ಸ್ ಎರಡು ಹನಿ ಅದಕ್ಕೂ ಹಾಕಿದೆ, ಬೇಡ ಅನ್ನಲಿಲ್ಲ.